ಬಾಳೆಹಣ್ಣಿಗೆ ಬಿದ್ದ ಟಿಕ್ಕು

ನಮ್ಮ ಮಠದ ಮಾಸಪತ್ರಿಕೆಯ ಕೊನೆಯ ಎರಡು ಪುಟಗಳಲ್ಲಿ ಭಕ್ತರ ಪ್ರಶ್ನೆಗಳಿಗೆ ಗುರುಗಳ ಉತ್ತರ ಅಚ್ಚಾಗುತ್ತದೆ. ಆ ಉತ್ತರಗಳನ್ನು ಬರೆಯುತ್ತಿದ್ದವನು ನಾನು. ಮಂಡ್ಯದ ಹೊರವಲಯದಲ್ಲಿರುವ ಮಠದ ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ದಿನವೂ ಮದ್ದೂರಿನಿಂದ ಬಂದು ಹೋಗುತ್ತೇನೆ. ಬರೆದದ್ದನ್ನು ಸೋಮವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಸ್ವಾಮೀಜಿಯವರಿಗೆ ಓದಿ ಹೇಳುವುದು, ಅವರು ಹೂಂ ಅಂದರೆ ಮುದ್ರಣಕ್ಕೆ ಕೊಡುವುದು, ಹೀಗೆ ಎಂಟು ವರ್ಷ ನಡೆದಿತ್ತು.

ಹೋದ ವರ್ಷ ಮಾರ್ನಮಿಗೆ ಮುಂಚೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಮಠದ ವ್ಯವಸ್ಥಾಪಕರು ಅದನ್ನು ಒಡೆದು ಓದಿ, ಸ್ಟಾಫ್ ರೂಮಿಗೇ ತಂದು ನನ್ನ ಮೇಜಿನ ಮೇಲೆ ಹಾಕಿದರು. ಬರೆದವಳು ಕೆರಗೋಡು ಕಡೆಯ ಒಬ್ಬ ತಾಯಿ. ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಲಿ ಕೆಲಸ ಎಂದು ತಾನೇ ಬರೆದಿದ್ದಳು. ಮಗಳು ನಮ್ಮ ಶಾಲೆಯ ಒಂಬತ್ತನೇ ತರಗತಿ, ಅಂದರೆ ನನ್ನದೇ ಕ್ಲಾಸು. ಅಕ್ಷರ ದುಂಡಗೆ ಸ್ಪಷ್ಟವಾಗಿತ್ತು.

"ಗುರುಗಳ ಪಾದಕ್ಕೆ ನಮಸ್ಕಾರ. ನಮ್ಮೂರಿಗೆ ಬಂದಾಗ ತಾವು ಊಟ ಅವರವರ ಇಷ್ಟ, ಯಾರೂ ಯಾರನ್ನೂ ಕೀಳಾಗಿ ನೋಡಬಾರದು ಅಂತ ಹೇಳಿದಿರಿ. ತಮ್ಮ ಶಾಲೆಯಲ್ಲಿ ಮಾತ್ರ ಒಂದು ಮಗುವಿಗೂ ಸರ್ಕಾರದ ಮೊಟ್ಟೆ ಕೊಡುತ್ತಿಲ್ಲ. ಎಲ್ಲರೂ ಬಾಳೆಹಣ್ಣೇ ಕೇಳಿದ್ದಾರೆ ಅಂತ ಹೇಳುತ್ತಾರೆ. ನಾನು ಕೇಳಿಲ್ಲ. ನನ್ನ ಮಗಳಿಗೆ ರಕ್ತ ಕಮ್ಮಿ ಇದೆ. ಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಬಾಡು ಮಾಡದ ಮನೆ ಯಾವುದು? ಹೇಳೋದು ಒಂದು, ನಡೆಸೋದು ಒಂದು ಆದರೆ ಅದು ಬೂಟಾಟಿಕೆ ಅಲ್ಲವಾ? ಉತ್ತರ ಪತ್ರಿಕೆಯಲ್ಲಿ ಬರಲಿ, ಎಲ್ಲರೂ ಓದಲಿ."

ಕೆಳಗೆ ಹೆಸರು, ಊರು, ಸಹಿ ಎಲ್ಲವೂ ಇದ್ದವು.

"ಎಸ್ರು ಬೇರೆ ಆಕ್ಬುಟ್ಟವ್ಳೆ," ಅಂದರು ವ್ಯವಸ್ಥಾಪಕರು. "ಇಲ್ದಿದ್ರೆ ಅನಾಮಧೇಯ ಅಂತ ಕಸದ ಬುಟ್ಟಿಗೆ ಆಕ್ಬೋದಾಗಿತ್ತು. ಈಗ ಬರೀದಿದ್ರೆ ಪೇಪರ್‌ನೋರ್ ತಾವ ಓಯ್ತಾಳೆ. ನೀವು ಒಂದ್ ನಯವಾಗಿ ಬರ್ದು ಮುಗುಸ್ಬುಡಿ ಮೇಷ್ಟ್ರೇ."

ನಯವಾಗಿ ಬರೆಯುವುದು ನನಗೆ ಬರುತ್ತಿತ್ತು. ಎಂಟು ವರ್ಷದಲ್ಲಿ ಅದಕ್ಕೊಂದು ಕ್ರಮ ಮಾಡಿಕೊಂಡಿದ್ದೆ. ಮೊದಲು ಕೇಳಿದವರ ಭಕ್ತಿಯನ್ನು ಮೆಚ್ಚಬೇಕು. ಆಮೇಲೆ ಅವರ ಪ್ರಶ್ನೆಯನ್ನು ಒಂದು ಅಂತಸ್ತು ಮೇಲಕ್ಕೆ ಏರಿಸಬೇಕು: ಮಠದ ಜಮೀನಿನ ಬೇಲಿ ಬಗ್ಗೆ ಕೇಳಿದರೆ ಮನುಷ್ಯ ಮನಸ್ಸಿಗೆ ಹಾಕಿಕೊಂಡ ಬೇಲಿಯ ಬಗ್ಗೆ ಹೇಳಬೇಕು. ಅಷ್ಟೆತ್ತರಕ್ಕೆ ಹೋದ ಮೇಲೆ ಕೆಳಗಿನ ಬೇಲಿ ಯಾರ ಕಣ್ಣಿಗೂ ಕಾಣುವುದಿಲ್ಲ. ಕೊನೆಗೊಂದು ಗಾದೆ, ಒಂದು ಆಶೀರ್ವಾದ. ಇದನ್ನು ಮೋಸ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ನನ್ನ ಕಸುಬುಗಾರಿಕೆ ಎಂದುಕೊಂಡಿದ್ದೆ.

ಆ ಸಂಜೆಯೇ ಶಾಲೆಯಲ್ಲಿ ಕೂತು ಬರೆದೆ. ಆಹಾರಕ್ಕಿಂತ ಆಹಾರದ ಹಿಂದಿನ ಭಾವ ಮುಖ್ಯ ಎಂದೆ. ನಾಲಿಗೆಯ ಹಸಿವು, ಆತ್ಮದ ಹಸಿವು ಎಂದೆ. ನಡುವೆ ಒಂದು ವಾಕ್ಯ ಬೇಕಾಗಿತ್ತು: "ನಮ್ಮ ಶಾಲೆಯಲ್ಲಿ ಯಾರ ಮೇಲೂ ಒತ್ತಾಯವಿಲ್ಲ. ಪೋಷಕರೇ ಸ್ವಇಚ್ಛೆಯಿಂದ ಬಾಳೆಹಣ್ಣನ್ನು ಆರಿಸಿಕೊಂಡಿದ್ದಾರೆ." ಇಂತಿಷ್ಟು ಪೋಷಕರು ಎಂದು ಸಂಖ್ಯೆ ಹಾಕಿದರೆ ಮಾತಿಗೆ ತೂಕ ಬರುತ್ತದೆ ಎನ್ನಿಸಿತು. ಬೀರುವಿನಿಂದ ಬಿಸಿಯೂಟದ ಫೈಲು ತೆಗೆದು ನನ್ನ ತರಗತಿಯ ಫಾರಂಗಳನ್ನು ಎಣಿಸತೊಡಗಿದೆ.

ಫಾರಂ ಸರಳವಾದದ್ದು. ಮಗುವಿನ ಹೆಸರು, ತರಗತಿ. ಎರಡು ಚೌಕ: ಮೊಟ್ಟೆ, ಬಾಳೆಹಣ್ಣು. ಕೆಳಗೆ ಪೋಷಕರ ಸಹಿ. ಸಹಿಗಳು ಥರಾವರಿ ಇದ್ದವು. ಕೆಲವು ಹೆಬ್ಬೆಟ್ಟು, ಕೆಲವು ನಡುಗುವ ಗೆರೆ, ಒಂದೆರಡು ಇಂಗ್ಲಿಷು. ಚೌಕದೊಳಗಿನ ಟಿಕ್ಕುಗಳು ಮಾತ್ರ ಎಲ್ಲ ಒಂದೇ ಥರ. ಎಲ್ಲವೂ ಕೆಂಪು ಶಾಯಿ. ಎಲ್ಲವೂ ಬಾಳೆಹಣ್ಣಿಗೆ. ಚೌಕ ದಾಟಿ ಬಲಕ್ಕೆ ಉದ್ದವಾಗಿ ಎಳೆದ ಬಾಲ. ಅದು ನನ್ನ ಟಿಕ್ಕು.

ಜೂನ್ ತಿಂಗಳಲ್ಲಿ ನಡೆದದ್ದು ನೆನಪಾಯಿತು. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನಪಿಟ್ಟುಕೊಳ್ಳುವಷ್ಟು ದೊಡ್ಡ ವಿಷಯ ಎನ್ನಿಸಿರಲಿಲ್ಲ ಅಷ್ಟೆ. ಮುಖ್ಯ ಶಿಕ್ಷಕಿ ನಮ್ಮನ್ನೆಲ್ಲ ಕರೆದು, "ಸಹಿ ಮಾತ್ರ ಹಾಕಿಸ್ಕೊಂಡು ಬನ್ನಿ ಅಂತ ಮಕ್ಕಳಿಗೆ ಹೇಳಿ. ಟಿಕ್ ನಾವೇ ಹಾಕೋಣ. ಇದು ಮಠದ ಆವರಣ, ಇಲ್ಲಿ ಮೊಟ್ಟೆ ಬೇಯಿಸೋಕೆ ಆಗುತ್ತಾ?" ಅಂದಿದ್ದರು. ಯಾರೂ ಎದುರು ಮಾತಾಡಲಿಲ್ಲ. ನಾನು ಟೀ ಕುಡಿಯುತ್ತಲೇ ನಲವತ್ನಾಲ್ಕು ಫಾರಂಗಳಿಗೆ ಟಿಕ್ಕು ಹಾಕಿ ಮುಗಿಸಿದ್ದೆ. ಹತ್ತು ನಿಮಿಷವೂ ಹಿಡಿದಿರಲಿಲ್ಲ.

ಫೈಲು ಮುಚ್ಚಿಟ್ಟೆ. ಸಂಖ್ಯೆ ಹಾಕುವುದು ಬೇಡವೆಂದು ಬಿಟ್ಟೆ. ಆದರೆ ವಾಕ್ಯವನ್ನು ತೆಗೆಯಲಿಲ್ಲ.

ಮಾರನೆಯ ದಿನ ವ್ಯವಸ್ಥಾಪಕರು ಇನ್ನೊಂದು ಉಪಾಯ ಹೇಳಿದರು. "ಶನಿವಾರ ಒಂದ್ ಗಳಿಗೆ ವಿ.ಸಿ. ಫಾರಂ ತಾವ ಓಗ್ಬನ್ನಿ. ಮಗೀನ ಮೇಷ್ಟ್ರು ಬಂದವ್ರೆ ಅಂದ್ರೆ ಮೆತ್ತಗಾಯ್ತಾಳೆ. ಪತ್ರ ವಾಪಸ್ ತಕತೀನಿ ಅಂತ ಒಂದ್ ಗೆರೆ ಬರುಸ್ಕಳಿ. ಅಲ್ಲಿಗ್ ಮುಗೀತು."

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋದೆ. ಗೇಟಿನಲ್ಲಿ ಕೇಳಿದಾಗ ಭತ್ತದ ಪ್ರಯೋಗದ ತಾಕಿನಲ್ಲಿದ್ದಾಳೆ ಎಂದರು. ಬದುವಿನ ಮೇಲೆ ನಡೆದು ಹೋದೆ. ಒಂದೇ ಅಳತೆಯ ಪುಟ್ಟ ಪುಟ್ಟ ಮಡಿಗಳು, ಪ್ರತಿ ಮಡಿಯ ತಲೆಗೊಂದು ಗೂಟ, ಗೂಟಕ್ಕೊಂದು ನಂಬರಿನ ಚೀಟಿ. ಆಕೆ ಸೀರೆ ಎತ್ತಿ ಕಟ್ಟಿ, ಮೇಲೊಂದು ಗಂಡಸರ ತುಂಬು ತೋಳಿನ ಅಂಗಿ ತೊಟ್ಟು, ಮಳೆಗೆ ಹರಿದಿದ್ದ ಚೀಟಿಗಳನ್ನು ಬಿಚ್ಚಿ ಹೊಸವನ್ನು ಕಟ್ಟುತ್ತಿದ್ದಳು. ಕೈಯಲ್ಲೊಂದು ನೋಟ್‌ಬುಕ್ಕು. ಹಳೆ ಚೀಟಿ ನೋಡಿ, ಪುಸ್ತಕ ನೋಡಿ, ಆಮೇಲೆ ಹೊಸ ಚೀಟಿ.

"ಬನ್ನಿ ಸಾ," ಅಂದಳು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ. ಕೆಲಸವನ್ನೂ ನಿಲ್ಲಿಸಲಿಲ್ಲ.

ನಾನು ಮಗಳ ಓದಿನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದೆ. ಹುಡುಗಿ ನಿಜಕ್ಕೂ ಚೆನ್ನಾಗಿ ಓದುತ್ತಾಳೆ. ಆಮೇಲೆ ಪತ್ರದ ವಿಷಯ ಎತ್ತಿದೆ.

"ಪತ್ರಿಕೆ ತುಂಬಾ ಊರಿಗೆ ಹೋಗುತ್ತಮ್ಮ. ಮಠದ ಮರ್ಯಾದೆ. ಏನಾದರೂ ತೊಂದರೆ ಇದ್ದರೆ ಶಾಲೆಗೇ ಬಂದು ಹೇಳಬಹುದಿತ್ತು."

"ಬಂದಿದ್ದೆ ಸಾ." ಆಕೆ ಗಂಟು ಬಿಗಿದು ಮುಂದಿನ ಗೂಟಕ್ಕೆ ಹೋದಳು. "ಮಗಳು ಪ್ರಾರ್ಥನೇಲಿ ನಿಂತಿದ್ದೋಳು ಬಿದ್ದೋದ್ಲಲ್ಲ, ಅವತ್ತು ಸಾಯಂಕಾಲವೇ ಆಸ್ಪತ್ರೇಲಿ ತೋರುಸ್ದೆ. ರಕ್ತ ಏಳೂವರೆ ಐತೆ ಅಂದ್ರು. ಮಾತ್ರೆ ಕೊಟ್ರು. ಸೊಪ್ಪು, ಕಾಳು, ಮೊಟ್ಟೆ ಕೊಡಮ್ಮ ಅಂದ್ರು. ಇಸ್ಕೂಲಲ್ಲೇ ಮೊಟ್ಟೆ ಕೊಡ್ತಾರಲ್ಲಮ್ಮ ಅಂತ ಡಾಕ್ಟ್ರೇ ಏಳಿದ್ದು. ನಂಗೆ ಗೊತ್ತೇ ಇರ್ನಿಲ್ಲ, ಜೂನ್‌ನಲ್ಲಿ ಕೆಲ್ಸಕ್ಕೆ ಓಗೋ ಅವಸರದಲ್ಲಿ ಫಾರಂ ಓದ್ದೇ ಸಹಿ ಆಕಿದ್ದೆ. ಮಾರ್ನೇ ದಿನ ಎಡ್ ಮಿಸ್ ತಾವ ಬಂದೆ. ಅವ್ರು ಫಾರಂ ತಗ್ದು ತೋರುಸುದ್ರು. ನೋಡಮ್ಮ, ನೀನೇ ಬಾಳೆಹಣ್ಣು ಅಂತ ಆಕಿದ್ದೀಯ, ಸಹಿ ನಿಂದೇ ಅಲ್ವಾ ಅಂದ್ರು."

"ಸಹಿ ನಿಮ್ಮದೇ ತಾನೆ?"

"ಸಹಿ ನಂದೇ ಸಾ. ಟಿಕ್ಕು ನಿಮ್ದು."

ಆಕೆ ಇನ್ನೊಂದು ಹಳೆ ಚೀಟಿ ಬಿಚ್ಚಿದಳು.

"ದಿನಾ ಸಾಯಂಕಾಲ ಮಗಳ ಕನ್ನಡ ನೋಟ್ಸು ನೋಡ್ತೀನಿ. ನಾನೂ ಎಸ್ಸೆಲ್ಸಿ ಪಾಸ್ ಮಾಡಿದೋಳೆ. ಪ್ರತಿ ಪುಟದಲ್ಲೂ ಅದೇ ಕೆಂಪು ಶಾಯಿ, ಅದೇ ಉದ್ದಕ್ಕೆ ಎಳ್ದ ಟಿಕ್ಕು. ಗುರ್ತು ಸಿಕ್ಕಲ್ವಾ ಸಾ?"

ಅಲ್ಲೇ ಒಪ್ಪಿಕೊಂಡಿದ್ದರೆ ಈ ಕಥೆ ಅರ್ಧಕ್ಕೇ ಮುಗಿಯುತ್ತಿತ್ತು. ನಾನು ಹೇಳಿದ್ದು ಇಷ್ಟು: "ಟಿಕ್ಕು ಎಲ್ಲರದೂ ಒಂದೇ ಥರ ಇರುತ್ತಮ್ಮ."

ಆಕೆ ಮೊದಲ ಸಲ ಕೈ ಬಿಟ್ಟು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಏನೋ ಬೇಸರ.

"ಈ ಚೀಟಿ ನೋಡಿ ಸಾ. ಇದನ್ನ ತಗ್ದು ಆ ಮಡಿಗೆ ಕಟ್ಬುಟ್ರೆ ಯಾರಿಗೂ ಗೊತ್ತಾಗಕಿಲ್ಲ. ಭತ್ತ ಎಂಗೂ ಬೆಳೀತದೆ. ಆದ್ರೆ ಈ ತಳಿ ಇಷ್ಟು ಕೊಡ್ತು, ಆ ತಳಿ ಅಷ್ಟು ಕೊಡ್ತು ಅಂತ ಬರ್ಕತಾರಲ್ಲ, ಅದೆಲ್ಲಾ ಸುಳ್ಳಾಯ್ತದೆ. ಅದುನ್ ನಂಬ್ಕಂಡು ರೈತ್ರು ಬಿತ್ತನೆ ಮಾಡ್ತಾರೆ. ಅದ್ಕೇ ಇಲ್ಲಿ ಸಾಹೇಬ್ರು ಚೀಟಿ ಕಟ್ಟೋ ಕೆಲ್ಸ ಎಲ್ರಿಗೂ ಕೊಡಕಿಲ್ಲ." ಮತ್ತೆ ಬಗ್ಗಿ ದಾರ ಕಟ್ಟಿದಳು. "ನಾನು ಗುರುಗಳ್ನ ಬಯ್ಯಕ್ಕೆ ಬರೀನಿಲ್ಲ. ನಮ್ಮನೆ ದೇವ್ರ ಗೂಡಲ್ಲಿ ಅವ್ರ ಫೋಟೋ ಐತೆ. ಮಗೀಗೆ ಮೊಟ್ಟೆ ಬ್ಯಾಡ ಅಂತ ನಾನೇಳ್ನಿಲ್ಲ, ಬ್ಯಾಡ ಅಂದ್ಲು ಅಂತ ನೀವ್ ಬರ್ಕಂಡ್ರಿ. ಅದುನ್ನ ಕೇಳ್ದೆ ಅಷ್ಟೆಯ."

ಪತ್ರ ವಾಪಸ್ ತೆಗೆದುಕೊಳ್ಳುವ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ. ಬರುತ್ತೇನೆ ಎಂದು ಹೇಳಿ ಬದುವಿನ ಮೇಲೆ ವಾಪಸು ನಡೆದೆ.

ಮರುದಿನ ಭಾನುವಾರ. ಮಳವಳ್ಳಿ ಕಡೆಯ ವ್ಯವಸ್ಥಾಪಕರ ಊರಿನಲ್ಲಿ ಹಿರಿಯರಿಗೆ ಎಡೆ ಇಡುವ ಹಬ್ಬ. ಪ್ರತಿ ವರ್ಷದಂತೆ ಕರೆದಿದ್ದರು, ಹೋಗದಿದ್ದರೆ ಕೇಳುತ್ತಾರೆ ಎಂದು ಹೋದೆ. ಕುರಿಗೆ ಹೆಸರಾದ ಬಂಡೂರಿನಿಂದಲೇ ಕುರಿ ತರಿಸಿದ್ದರು. ಅಪ್ಪ ಅಮ್ಮನ ಫೋಟೋದ ಮುಂದೆ ಬಾಳೆಲೆ ಹಾಸಿ ಮುದ್ದೆ, ಬಾಡಿನ ಸಾರು, ಚಾಕಣ, ವಡೆ, ಪಾಯಸ, ಎಲೆಯ ತುದಿಗೆ ಸುಲಿದ ಮೊಟ್ಟೆ ಎಲ್ಲ ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ನಿಂತೆವು. ಹಿರಿಯರು ಬಂದು ಉಣ್ಣುವಷ್ಟು ಹೊತ್ತು ಕಾಯಬೇಕು. ವ್ಯವಸ್ಥಾಪಕರು ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಆ ಭಕ್ತಿಯಲ್ಲಿ ಸೋಗಿರಲಿಲ್ಲ.

ಊಟಕ್ಕೆ ಕೂತಾಗ ಅವರ ಮೊಮ್ಮಗಳು ಪಕ್ಕದಲ್ಲಿದ್ದಳು. ನಮ್ಮ ಶಾಲೆಯಲ್ಲೇ ಎಂಟನೇ ತರಗತಿ. ಅವರು ತಮ್ಮ ಎಲೆಯ ಮೊಟ್ಟೆಯನ್ನೂ ಅವಳ ಎಲೆಗೆ ಹಾಕಿ, "ತಿನ್ನು ಮಗ, ಮೈಗೆ ಶಕ್ತಿ ಬತ್ತದೆ" ಅಂದರು.

ನಾನು ತಮಾಷೆಯ ದನಿಯಲ್ಲೇ ಕೇಳಿದೆ. "ಇವಳ ಫಾರಂನಲ್ಲಿ ಏನಿದೆ?"

"ಬಾಳೆಹಣ್ಣು ಕಣ್ ಮೇಷ್ಟ್ರೇ," ಅಂದರು, ಒಂದು ಕ್ಷಣವೂ ಯೋಚಿಸದೆ. "ಇಸ್ಕೂಲೇ ಬ್ಯಾರೆ, ಮನೆಯೇ ಬ್ಯಾರೆ. ಅಂದಂಗೆ ಆ ಉತ್ರ ಬರ್ದಾಯ್ತಾ? ನಾಳೆ ಸೋಮವಾರ."

"ಬರೆದಾಯ್ತು," ಅಂದೆ. ನಾನೂ ಚೆನ್ನಾಗಿಯೇ ಉಂಡೆ. ಉಣ್ಣುತ್ತಿರುವಾಗ ಯಾವ ಪಶ್ಚಾತ್ತಾಪವೂ ಆಗಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಸಂಕಟ ಶುರುವಾದದ್ದು ಬಸ್ಸಿನಲ್ಲಿ. ಆ ಮನುಷ್ಯನ ಬಾಯಿಂದ ಅಷ್ಟು ಸಲೀಸಾಗಿ ಬಂದ ಮಾತನ್ನೇ ನಾನು ಎಂಟು ವರ್ಷದಿಂದ ಅಲಂಕಾರ ಮಾಡಿ ಬರೆಯುತ್ತಿದ್ದೆ. ಮೇಷ್ಟ್ರಾಗಿ ಹದಿನೆಂಟು ವರ್ಷ ಅದೇ ಆವರಣದಲ್ಲಿ ದುಡಿದಿದ್ದೇನೆ. ಭಾನುವಾರ ಮನೆಯಲ್ಲಿ ಏನು ಅಡುಗೆ ಎಂದು ಶಾಲೆಯ ಮಕ್ಕಳು ಕೇಳಿದರೆ ಹುರುಳಿಕಾಳು ಸಾರು ಎಂದು ಹೇಳಿದ್ದೇನೆ.

ಸೋಮವಾರ ಬೆಳಿಗ್ಗೆ ಸ್ವಾಮೀಜಿಯವರ ಮುಂದೆ ಚಾಪೆಯ ಮೇಲೆ ಕೂತು ಓದಲು ತೊಡಗಿದೆ. ಮೊದಲ ಎರಡು ಪ್ರಶ್ನೆ ಬೇರೆಯವರದು. ಅವಕ್ಕೆ ಹೂಂ ಅಂದರು. ಮೂರನೆಯದು ಈ ತಾಯಿಯದು. ಪತ್ರವನ್ನು ಇಡಿಯಾಗಿ ಓದಿದೆ. ಬೂಟಾಟಿಕೆ ಎಂಬ ಮಾತು ಬಂದಾಗ ಅವರು ಕಣ್ಣು ತೆರೆದು ಮತ್ತೆ ಮುಚ್ಚಿದರು. ನನ್ನ ಉತ್ತರ ಓದಲಾರಂಭಿಸಿದೆ. "ಪೋಷಕರೇ ಸ್ವಇಚ್ಛೆಯಿಂದ" ಎನ್ನುವಲ್ಲಿಗೆ ಬಂದಾಗ ಹಾಳೆಯನ್ನು ಚಾಪೆಯ ಮೇಲೆ ಇಟ್ಟೆ.

"ಮುಂದೆ ಓದಿ," ಅಂದರು.

"ಇದು ಸುಳ್ಳು, ಬುದ್ಧಿ. ಪೋಷಕರು ಆರಿಸಿಲ್ಲ. ಟಿಕ್ ಹಾಕಿದ್ದು ನಾನು. ನನ್ನ ತರಗತಿ ಪೂರ್ತಿ ನಾನೇ ಹಾಕಿದ್ದೇನೆ. ಬೇರೆ ತರಗತಿಗಳಲ್ಲೂ ಹಾಗೇ."

ಅವರು ಕಣ್ಣು ತೆರೆದರು. ಹೊರಗೆ ದಾಸೋಹದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

"ಯಾರು ಹೇಳಿದ್ದು ಹಾಕಿ ಅಂತ?"

"ಹೇಳಿದವರಿದ್ದಾರೆ ಬುದ್ಧಿ. ಆದರೆ ಹಾಕಿದ ಕೈ ನನ್ನದು."

ಅವರು ನನ್ನನ್ನು ಬಯ್ಯುತ್ತಾರೆ ಎಂದುಕೊಂಡಿದ್ದೆ. ಅದರ ಬದಲು ಒಂದು ಸಂಗತಿ ಹೇಳಿದರು. "ನಾನು ಮಠಕ್ಕೆ ಬಂದಾಗ ಹನ್ನೊಂದು ವರ್ಷ. ಒಣಕಲು ಕಡ್ಡಿ. ನಮ್ಮವ್ವ ಅಮಾಸೆಗೊಂದು ಸಲ ನೋಡೋಕೆ ಬರೋಳು. ಸೆರಗಲ್ಲಿ ಬೇಯ್ಸಿದ ಮೊಟ್ಟೆ ಗಂಟು ಹಾಕ್ಕೊಂಡು ಬಂದು, ಬಾವಿ ಹಿಂದೆ ಕೂರಿಸಿ ತಿನ್ನಿಸೋಳು. ದೊಡ್ಡ ಗುರುಗಳು ಒಂದು ದಿನ ಆ ಕಡೆಯಿಂದ ಬಂದರು. ನೋಡಿದರು. ನೋಡದ ಹಾಗೆ ಹೊರಟು ಹೋದರು. ದೀಕ್ಷೆ ಆಗುವವರೆಗೂ ಅವ್ವ ತರ್ತಾನೇ ಇದ್ದಳು." ಆಮೇಲೆ, "ಹೊಸ ಫಾರಂ ಕೊಡಿ. ಯಾರು ಏನು ಬರೆದು ಕೊಡ್ತಾರೋ ಅದೇ ನಡೆಯಲಿ. ನಾನು ಹೇಳಿದೆ ಅಂತ ಹೇಳಿ," ಅಂದರು.

"ಪತ್ರಿಕೆಯಲ್ಲಿ ಏನು ಬರೆಯಲಿ ಬುದ್ಧಿ?"

"ಪತ್ರಿಕೆಯಲ್ಲಿ ಬೇಡ."

"ಆ ತಾಯಿ ಉತ್ತರ ಕೇಳಿದ್ದಾಳೆ."

"ಮಗುವಿಗೆ ಮೊಟ್ಟೆ ಸಿಕ್ಕಿದರೆ ಉತ್ತರ ಸಿಕ್ಕ ಹಾಗೇ ಅಲ್ಲವೇ? ಬೇರೆ ಮಠಗಳವರು ಓದುತ್ತಾರೆ. ನಾಳೆ ಇದನ್ನೇ ಹಿಡಿದು ಜಗ್ಗುತ್ತಾರೆ. ಬೇಡ."

ಅವರು ಹೇಳಿದ್ದರಲ್ಲಿ ಕರುಣೆ ಇತ್ತು. ಆ ಕರುಣೆಯನ್ನು ಹಿಡಿದುಕೊಂಡು ನಾನು ಎದ್ದು ಬಂದೆ. ಆ ತಿಂಗಳ ಸಂಚಿಕೆಗೆ ಎರಡೇ ಪ್ರಶ್ನೆ ಕೊಟ್ಟೆ. ಉಳಿದ ಜಾಗಕ್ಕೆ ದಸರಾ ಶುಭಾಶಯದ ಜಾಹೀರಾತು ಬಂತು.

ಹೊಸ ಫಾರಂ ಕೆಲಸ ನಾನಂದುಕೊಂಡಷ್ಟು ಸುಲಭವಾಗಲಿಲ್ಲ. ಮುಖ್ಯ ಶಿಕ್ಷಕಿ, "ಬುದ್ಧಿಯವರು ಲಿಖಿತದಲ್ಲಿ ಕೊಟ್ಟಿದ್ದಾರಾ?" ಎಂದು ಕೇಳಿದರು. ಅವರ ಭಯವೂ ಸುಳ್ಳಲ್ಲ. ಇಲಾಖೆಗೆ ಹೋದ ಪಟ್ಟಿಗೆ ಅವರ ಸಹಿ ಇತ್ತು. ಈಗ ಬದಲಾಯಿಸಿದರೆ ಮೊದಲಿನದು ಹೇಗಾಯಿತು ಎಂದು ಯಾರಾದರೂ ಕೇಳಬಹುದು. ಕೊನೆಗೆ, ಮೊದಲು ನನ್ನ ತರಗತಿ ಒಂದರಲ್ಲಿ ಮಾಡುವುದು, ಏನಾದರೂ ಆದರೆ ಜವಾಬ್ದಾರಿ ನನ್ನದು ಎಂದು ಬರೆದುಕೊಡುವುದು ಎಂದಾಯಿತು. ಬರೆದುಕೊಟ್ಟೆ.

ಫಾರಂ ಮೇಲ್ಗಡೆ ನಾನೇ ಒಂದು ಸಾಲು ಸೇರಿಸಿದೆ: ಟಿಕ್ ಮನೆಯಲ್ಲೇ ಹಾಕಿ ಕಳಿಸಿ. ತರಗತಿಯಲ್ಲಿ ಎರಡು ಸಲ ಓದಿ ಹೇಳಿದೆ. ನಲವತ್ನಾಲ್ಕರಲ್ಲಿ ಮೂವತ್ತಾರು ಮೊಟ್ಟೆ ಎಂದು ಬಂದವು. ಆರು ಬಾಳೆಹಣ್ಣು. ಎರಡು ಫಾರಂಗಳಲ್ಲಿ ಸಹಿ ಮಾತ್ರ ಇತ್ತು, ಎರಡೂ ಚೌಕ ಖಾಲಿ. "ಅಪ್ಪ ನಿಮ್ಮುನ್ನೇ ಆಕ್ಕಳಕ್ ಏಳುದ್ರು ಸಾ," ಅಂದಿತು ಒಂದು ಮಗು. ಎರಡನ್ನೂ ವಾಪಸು ಕಳಿಸಿದೆ. ಮೂರು ದಿನದ ಮೇಲೆ ತಿರುಗಿ ಬಂದವು, ಒಂದು ಮೊಟ್ಟೆಗೆ, ಒಂದು ಬಾಳೆಹಣ್ಣಿಗೆ.

ಅಡುಗೆಯವರು ಒಪ್ಪಲಿಲ್ಲ. ದಾಸೋಹಕ್ಕೂ ಶಾಲೆಗೂ ಒಂದೇ ಅಡುಗೆಮನೆ. "ನಾನೂ ತಿಂತೀನಿ ಮೇಷ್ಟ್ರೇ, ಸುಳ್ಳೇಳಕಿಲ್ಲ," ಅಂದರು ಮುಖ್ಯ ಅಡುಗೆಯವರು. "ಆದ್ರೆ ಈ ಒಲೆ ಮ್ಯಾಲೆ ಇಪ್ಪತ್ತು ವರ್ಷದಿಂದ ಪ್ರಸಾದ ಬೇಯ್ಸಿವ್ನಿ. ನನ್ ಕೈ ಬರಕಿಲ್ಲ. ಬಯ್ಕಬ್ಯಾಡಿ." ಬಯ್ಯುವುದೇನು? ಆತ ತಿನ್ನುವುದನ್ನೂ ತನ್ನ ಕೈ ಏಕೆ ಬರುವುದಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದ್ದ. ನನಗಿಂತ ಮೇಲು ಎನ್ನಿಸಿತು. ಸೈಕಲ್ ಶೆಡ್ಡಿನ ಒಂದು ಮೂಲೆ ತೆರವು ಮಾಡಿ ಬೇರೆ ಒಲೆ ಹೂಡಿದೆವು. ಪಾತ್ರೆಯನ್ನು ಮನೆಯಿಂದ ತಂದೆ. ಇಲಾಖೆಯಲ್ಲಿ ಪಟ್ಟಿ ಬದಲಾಗಿ ಮೊಟ್ಟೆ ಸರಬರಾಜು ಶುರುವಾಗುವ ಹೊತ್ತಿಗೆ ದೀಪಾವಳಿ ಕಳೆದಿತ್ತು.

ಮೊದಲ ದಿನ ನಾನೇ ನಿಂತು ಬೇಯಿಸಿದೆ. ಮೊಟ್ಟೆಗಳನ್ನು ಮೊದಲು ತಣ್ಣೀರಿಗೆ ಬಿಟ್ಟು, ತೇಲಿದ ಎರಡನ್ನು ತೆಗೆದಿಟ್ಟೆ. ನೀರಿಗೆ ಉಪ್ಪು ಹಾಕಿದರೆ ಚಿಪ್ಪು ಒಡೆದರೂ ಒಳಗಿನದು ಸೋರುವುದಿಲ್ಲ ಎಂದು ನನ್ನ ಹೆಂಡತಿ ಹೇಳಿಕೊಟ್ಟಿದ್ದಳು. ಬೆಂದ ಮೇಲೆ ಬೇರೆ ನೀರಿಗೆ ಹಾಕಿ ಆರಿಸಿ, ಸುಲಿದು, ಸ್ಟೀಲು ಬೇಸಿನ್ನಿನಲ್ಲಿ ಇಟ್ಟೆ. ಊಟದ ಬೆಲ್ಲು ಹೊಡೆಯಿತು. ಪಟ್ಟಿ ಹಿಡಿದು ನಿಂತೆ.

ಬಂದವರು ಏಳು ಮಂದಿ. ಏಳೂ ಹುಡುಗರು, ತಮಾಷೆಗೆಂಬಂತೆ ಒಬ್ಬರನ್ನೊಬ್ಬರು ತಳ್ಳಿಕೊಂಡು ಬಂದರು. ಉಳಿದವರು ತಟ್ಟೆ ಹಿಡಿದು ದೂರದ ಜಗುಲಿಯಲ್ಲಿ ನಿಂತಿದ್ದರು. ಸೈಕಲ್ ಶೆಡ್ಡು ಮಠದ ಮುಂಬಾಗಿಲಿಗೆ ಎದುರಾಗಿದೆ. ದರ್ಶನಕ್ಕೆ ಬಂದವರೆಲ್ಲ ಆ ದಾರಿಯಲ್ಲೇ ಓಡಾಡುತ್ತಾರೆ. ಯಾವುದೋ ತರಗತಿಯ ಕಡೆಯಿಂದ "ಮೊಟ್ಟೆ, ಮೊಟ್ಟೆ" ಎಂದು ಕೂಗಿ ನಕ್ಕದ್ದು ಕೇಳಿಸಿತು. ಆ ನಗುವನ್ನು ಆ ಮಕ್ಕಳಿಗೆ ಕಲಿಸಿದವರು ನಾವೇ. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಪತ್ರ ಬರೆದ ತಾಯಿಯ ಮಗಳು ಶೆಡ್ಡಿನ ಕಂಬದವರೆಗೆ ಬಂದು ನಿಂತಳು.

"ಬಾಮ್ಮ, ತಗೋ."

ಅವಳು ಒಂದು ಸಲ ಮಠದ ಬಾಗಿಲ ಕಡೆ ನೋಡಿದಳು. ನಿಧಾನಕ್ಕೆ ಕೇಳಿದಳು: "ಸಾ, ನೀವು ತಿಂತೀರಾ?"

ಮನೆಯಲ್ಲಿ ತಿನ್ನುತ್ತೀರಾ ಎಂದು ಕೇಳಿದಳೋ, ಈಗ ಇಲ್ಲಿ ತಿನ್ನುತ್ತೀರಾ ಎಂದು ಕೇಳಿದಳೋ ಗೊತ್ತಿಲ್ಲ. ಎರಡಕ್ಕೂ ಉತ್ತರ ಒಂದೇ ಆಗಬೇಕಿತ್ತು. ಜಗುಲಿಯಲ್ಲಿ ನಿಂತಿದ್ದ ಮಕ್ಕಳು ನೋಡುತ್ತಿದ್ದರು. ಕಚೇರಿಯ ಕಿಟಕಿಯಲ್ಲಿ ವ್ಯವಸ್ಥಾಪಕರೂ ಇದ್ದರು. ಬೇಸಿನ್ನಿನಿಂದ ಒಂದು ಮೊಟ್ಟೆ ಎತ್ತಿಕೊಂಡು ಬಾಯಿಗಿಟ್ಟೆ. ನೀರು ಕುಡಿದು ಉಳಿದದ್ದನ್ನೂ ತಿಂದೆ. "ಮನೇಲೂ ತಿಂತೀನಿ ಕಣಮ್ಮ," ಅಂದೆ.

ಹುಡುಗಿ ತಟ್ಟೆ ಚಾಚಿದಳು. ಅವಳ ಹಿಂದೆ ಇನ್ನೂ ನಾಲ್ಕು ಹುಡುಗಿಯರು ಬಂದರು. ಆಮೇಲೆ ಒಬ್ಬೊಬ್ಬರೇ. ಆ ದಿನ ಬಂದವರು ಒಟ್ಟು ಹತ್ತೊಂಬತ್ತು. ಉಳಿದವರು ಬರಲೇ ಇಲ್ಲ. ಕೆಲವರು ಈಗಲೂ ಬರುವುದಿಲ್ಲ.

ವ್ಯವಸ್ಥಾಪಕರು ನಾಲ್ಕು ದಿನ ಬಿಟ್ಟು ಕರೆದರು. "ಮಕ್ಳಿಗ್ ಕೊಡಿ, ಬ್ಯಾಡ ಅಂದೋರ್ಯಾರು? ನೀವ್ ಯಾಕ್ ಮೇಷ್ಟ್ರೇ ಎಲ್ರ ಮುಂದೆ ನಿಂತ್ಕಂಡು ತಿಂದ್ರಿ? ದರ್ಶನಕ್ ಬಂದೋರು ಕೇಳ್ತಾವ್ರೆ. ಗುರುಗಳ ಉತ್ರ ಬರೆಯೋ ಕೈ ಅದು. ಬರೋ ತಿಂಗ್ಳಿಂದ ಬ್ಯಾರೆಯವ್ರು ಬರೀತಾರೆ, ನೀವ್ ತಕ್ಕೊಂಡ್ ಬನ್ನಿ ಆ ಪ್ರಶ್ನೆ ಉತ್ರದ ಫೈಲು." ಅವರ ದನಿಯಲ್ಲಿ ದ್ವೇಷವಿರಲಿಲ್ಲ. ನಾನು ಯಾವುದೋ ಸರಳ ನಿಯಮ ತಿಳಿಯದ ದಡ್ಡ ಎನ್ನುವ ಬೇಸರವಿತ್ತು. ಫೈಲು ತಂದುಕೊಟ್ಟೆ. ವಿಜ್ಞಾನದ ಮೇಡಮ್ಮಿಗೆ ಅದು ಹೋಯಿತು.

ಬರೆಯುವ ಕೆಲಸ ಹೋದ ಮೇಲೆ ಬರೆಯಲೇಬೇಕಾದದ್ದು ಒಂದು ಉಳಿದಿತ್ತು. ಅಂಚೆ ಕಚೇರಿಯಿಂದ ಒಂದು ಇನ್‌ಲ್ಯಾಂಡ್ ತಂದು ಆ ತಾಯಿಗೆ ಬರೆದೆ. ಮೊದಲ ಸಲ ಬರೆದದ್ದರಲ್ಲಿ ಪರಿಸ್ಥಿತಿ, ಒತ್ತಡ, ಸಂಸ್ಥೆಯ ಗೌರವ ಎಂಬ ಪದಗಳೆಲ್ಲ ತಾವಾಗಿಯೇ ಬಂದು ಕೂತಿದ್ದವು. ಹರಿದು ಹಾಕಿ ಇನ್ನೊಂದು ತಂದೆ. "ಜೂನ್‌ನಲ್ಲಿ ನಿಮ್ಮ ಫಾರಂಗೆ ಟಿಕ್ ಹಾಕಿದ್ದು ನಾನು. ನಿಮ್ಮನ್ನು ಕೇಳದೆ ಹಾಕಿದೆ. ನೀವು ಗದ್ದೆಯಲ್ಲಿ ಹೇಳಿದಾಗ ಸುಳ್ಳು ಹೇಳಿದೆ. ತಪ್ಪಾಯಿತು." ನಾಲ್ಕು ವಾಕ್ಯ. ಉಳಿದ ಜಾಗ ಖಾಲಿಯೇ ಇತ್ತು. ಅಂಟಿಸಿ ಹಾಕಿದೆ.

ಹದಿನೈದು ದಿನದ ಮೇಲೆ ವಿಜ್ಞಾನದ ಮೇಡಮ್ ಸ್ಟಾಫ್ ರೂಮಿನಲ್ಲಿ ನನ್ನ ಹತ್ತಿರ ಬಂದರು. ಕೈಯಲ್ಲಿ ಒಂದು ಕಾರ್ಡು. ಅದೇ ದುಂಡಗಿನ ಅಕ್ಷರ, ಪತ್ರಿಕೆಯ ವಿಳಾಸಕ್ಕೇ ಬಂದಿತ್ತು.

"ಗುರುಗಳ ಪಾದಕ್ಕೆ ನಮಸ್ಕಾರ. ಮೇಷ್ಟ್ರು ಬರೆದ ಕಾಗದ ಬಂತು. ಅವರ ತಪ್ಪನ್ನ ಅವರು ಒಪ್ಪಿಕೊಂಡಿದ್ದಾರೆ, ಸಂತೋಷ. ಮಗಳು ಮೊಟ್ಟೆ ತಿನ್ನುತ್ತಿದ್ದಾಳೆ. ಆದರೆ ನಾನು ಪ್ರಶ್ನೆ ಕೇಳಿದ್ದು ಮೇಷ್ಟ್ರನ್ನಲ್ಲ, ತಮ್ಮನ್ನ. ಒಂಬತ್ತನೇ ತರಗತಿಗೆ ಮಾತ್ರ ಕೊಡುತ್ತಿದ್ದಾರೆ. ಬೇರೆ ತರಗತಿಯ ಮಕ್ಕಳ ಟಿಕ್ಕು ಹಾಕಿದವರು ಯಾರು? ತಮ್ಮ ಉತ್ತರ ಕಾಯುತ್ತಿದ್ದೇನೆ."

"ಇದಕ್ಕೆ ಏನು ಬರೀಲಿ ಸರ್?" ಮೇಡಮ್ ಕೇಳಿದರು. "ನಿಮಗೆ ಅಭ್ಯಾಸ ಇದೆಯಲ್ಲ."

"ನೀವು ಏನೂ ಬರೆಯಬೇಡಿ. ಸೋಮವಾರ ಹೋಗಿ ಇದನ್ನಷ್ಟೇ ಓದಿ ಹೇಳಿ," ಅಂದೆ.

ಅವರು ಹಾಗೆಯೇ ಮಾಡಿದರು. ವಾಪಸು ಬಂದಾಗ ನಾನು ತರಗತಿಗೆ ಹೊರಟಿದ್ದೆ. ಕಾರಿಡಾರಿನಲ್ಲೇ ನಿಲ್ಲಿಸಿ ಹೇಳಿದರು. ಸ್ವಾಮೀಜಿ ಪೂರ್ತಿ ಕೇಳಿದರಂತೆ. ಆಮೇಲೆ, "ಇನ್ನೊಂದು ಸಲ ಓದಿ" ಅಂದರಂತೆ. ಇವರು ಎರಡನೆಯ ಸಲ ಓದಿದರಂತೆ. ಸ್ವಾಮೀಜಿ ಕೈ ಚಾಚಿ ಕಾರ್ಡನ್ನು ಈಸಿಕೊಂಡು ತಮ್ಮ ಪಕ್ಕದಲ್ಲಿ ಇಟ್ಟುಕೊಂಡರಂತೆ.

ಎರಡು ಸಂಚಿಕೆ ಬಂದು ಹೋದವು. ಆ ಪ್ರಶ್ನೆ ಎರಡರಲ್ಲೂ ಇರಲಿಲ್ಲ. ಕಾರ್ಡು ಕೂಡ ಫೈಲಿಗೆ ವಾಪಸು ಬಂದಿಲ್ಲ.